ಬಿಸಿಲಿಗೆ ಕಾದೆ, ಮಂಜು ಕಾಯಲಿಲ್ಲ
ಆ ಬೆಳಿಗ್ಗೆಯ 12 ಫ್ರೇಮುಗಳನ್ನು ನಾನು ಇನ್ನೂ ಡಿಲೀಟ್ ಮಾಡಿಲ್ಲ. ಒಂದೂ ಕೆಲಸಕ್ಕೆ ಬರುವಂಥದ್ದಲ್ಲ. ಆದರೂ ಹೊಸ ಲೊಕೇಶನ್‌ಗೆ ಹೊರಡುವ ಹಿಂದಿನ ರಾತ್ರಿ ಒಮ್ಮೆ ತೆರೆದು ನೋಡುತ್ತೇನೆ.

ಅದು ಕ್ಯಾಲೆಂಡರ್‌ಗೆ ಫೋಟೋ ತೆಗೆಯುವ ಕೆಲಸ. ಮುಖಪುಟಕ್ಕೆ ಒಂದೇ ಚಿತ್ರ ಬೇಕಿತ್ತು. ಕಣಿವೆ ತುಂಬಾ ಮಂಜು, ಅದರ ಮೇಲೆ ಹೊಂಬಿಸಿಲು, ಎಡಗಡೆ ಅಕ್ಷರಕ್ಕೆ ಖಾಲಿ ಜಾಗ. ಕಾಲ್ ಶೀಟ್‌ನಲ್ಲಿ, ಅಂದರೆ ಶೂಟಿಂಗ್ ವೇಳಾಪಟ್ಟಿಯಲ್ಲಿ, ಬರೆದಿದ್ದು ಒಂದೇ ಬೆಳಿಗ್ಗೆ. ಸಾಲದು ಅಂತ ಆಗಲೇ ಹೇಳಬೇಕಿತ್ತು, ಹೇಳಲಿಲ್ಲ.

ರಾತ್ರಿ ಲಕ್ಷಣ ಚೆನ್ನಾಗಿಯೇ ಇತ್ತು. ಸಂಜೆ ಮಳೆ ಬಂದು ನಿಂತು ಆಕಾಶ ತೆರವಾಗಿತ್ತು. ಗಾಳಿ ಇರಲಿಲ್ಲ. ಮೋಡವಿಲ್ಲದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ. ತಣ್ಣನೆಯ ಗಾಳಿ ಭಾರ, ಇಳಿಜಾರಿನಲ್ಲಿ ಜಾರಿ ಕಣಿವೆಯ ತಳಕ್ಕೆ ಸೇರುತ್ತದೆ. ಅಲ್ಲಿ ತೇವ ಇದ್ದರೆ ಬೆಳಗಿನ ಜಾವಕ್ಕೆ ಮಂಜು ಕಟ್ಟುತ್ತದೆ. ಗಾಳಿಯ ತೇವ ಹನಿಗಟ್ಟುವ ಉಷ್ಣಾಂಶಕ್ಕೂ (ಡ್ಯೂ ಪಾಯಿಂಟ್) ಆಗಿನ ಉಷ್ಣಾಂಶಕ್ಕೂ ರಾತ್ರಿ 10ಕ್ಕೇ ಎರಡು ಡಿಗ್ರಿ ಅಂತರ ಅಷ್ಟೇ ಇತ್ತು.

5:10ಕ್ಕೆ ಗುಡ್ಡದ ಮೇಲೆ ಟ್ರೈಪಾಡ್ ನಿಲ್ಲಿಸಿದ್ದೆವು. 5:50ರ ಹೊತ್ತಿಗೆ ಕಣಿವೆಯಲ್ಲಿ ಮಂಜು ಹಾಲಿನ ಹಾಗೆ ನಿಂತಿತ್ತು. ಮರದ ತುದಿಗಳು ಮಾತ್ರ ಮೇಲೆ. ಹಿಂದೆ ಒಂದರ ಹಿಂದೊಂದು ಗುಡ್ಡದ ಗೆರೆ, ಎಲ್ಲಾ ನೀಲಿ. ಅಸಿಸ್ಟೆಂಟ್ ಹುಡುಗ ಮೆಲ್ಲಗೆ ಹೇಳಿದ, "ಸರ್, ಈಗಲೇ ತೆಗೀರಿ. ತುಂಬಾ ಚೆನ್ನಾಗಿದೆ."

"ಇರು, ಬಿಸಿಲು ಬೀಳಲಿ" ಅಂದೆ.

ನನ್ನ ತಲೆಯಲ್ಲಿ ಇದ್ದದ್ದು ಬ್ರೀಫ್, ಅಂದರೆ ಕೆಲಸ ಕೊಟ್ಟವರು ಕೇಳಿದ ಚಿತ್ರ ಮಾತ್ರ. ಬಿಸಿಲು ಬಂದ ಮೇಲೂ ಇಪ್ಪತ್ತು ನಿಮಿಷ ಸಿಗುತ್ತದೆ ಅಂತ ಲೆಕ್ಕ ಹಾಕಿದ್ದೆ. ಕಂಪೋಸಿಶನ್ ನೋಡೋಣ ಅಂತ ಸುಮ್ನೆ 12 ಫ್ರೇಮು ತೆಗೆದೆ. ಫೋಕಸ್, ಬೆಳಕು ಎಲ್ಲಾ ಕ್ಯಾಮೆರಾಗೇ ಬಿಟ್ಟು, ಆಟೋದಲ್ಲಿ.

6:25ಕ್ಕೆ ಎದುರಿನ ಇಳಿಜಾರಿಗೆ ಬಿಸಿಲು ತಾಗಿತು. ನಾನು ಶಟರ್ ಒತ್ತುವ ರಿಲೀಸ್ ಕೈಗೆ ತೆಗೆದುಕೊಂಡೆ. ಅಷ್ಟರಲ್ಲಿ ಮಂಜು ಅಲುಗಾಡಿತು. ಮೊದಲು ಒಂದು ಎಳೆ ಗುಡ್ಡದ ಮೈ ಹಿಡಿದು ಮೇಲೆ ಬಂತು, ಅದರ ಹಿಂದೆ ಇನ್ನೊಂದು. ಬಿಸಿಲು ತಾಗಿದ ಇಳಿಜಾರು ಬೆಚ್ಚಗಾದರೆ ಗಾಳಿ ಮೇಲಕ್ಕೆ ಹರಿಯುತ್ತದೆ, ಮಂಜನ್ನೂ ಎಳೆದು ತರುತ್ತದೆ. ಇದು ನನಗೆ ಗೊತ್ತಿದ್ದ ವಿಷಯ. ಆ ಹೊತ್ತಿನಲ್ಲಿ ನೆನಪಾಗಲಿಲ್ಲ. ನಾಲ್ಕೇ ನಿಮಿಷ. ಮರದ ತುದಿಗಳು ಹೋದವು, ಕೆಳಗಿನ ಬಂಡೆ ಹೋಯಿತು, ಆಮೇಲೆ ಪಕ್ಕದಲ್ಲಿ ನಿಂತ ಹುಡುಗನೂ ಮಸುಕಾದ. ವ್ಯೂಫೈಂಡರ್‌ನಲ್ಲಿ ಬರೀ ಬಿಳಿ.

ಹಾಗೇ ನಿಂತಿದ್ದೆವು, ಅರ್ಧ ಗಂಟೆ. ಅವನು ಲೆನ್ಸ್ ಒರೆಸುತ್ತಿದ್ದ, ಅದು ಮತ್ತೆ ಒದ್ದೆಯಾಗುತ್ತಿತ್ತು. ಮಂಜು ತೆಳುವಾದಾಗಲೆಲ್ಲ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು, ಮತ್ತೆ ದಟ್ಟವಾಗುತ್ತಿತ್ತು. ಕೊನೆಗೆ ತೆರೆದಾಗ ಕೆಳಗೆ ಬರೀ ಹಸಿರು ಕಣಿವೆ, ಅದರ ಮೇಲೆ ಚುರುಕು ಬಿಸಿಲು. ಒಂದು ಎಳೆ ಮಂಜೂ ಇರಲಿಲ್ಲ.

ಆ 12 ಫ್ರೇಮುಗಳಾದರೂ ಉಳಿಸುತ್ತವೆ ಅಂದುಕೊಂಡಿದ್ದೆ. ಬೆಳಕು ಅಳೆಯುವ ಕ್ಯಾಮೆರಾದ ಮೀಟರ್ ಬಿಳಿ ಮಂಜನ್ನು ಬೂದಿ ಬಣ್ಣ ಮಾಡಿತ್ತು, ಅದನ್ನು ರಾ ಫೈಲಿನಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಫೈಲು) ಬೆಳಗಿಸಬಹುದಿತ್ತು. ಆದರೆ ಮಂಜಿನಲ್ಲಿ ಕಾಂಟ್ರಾಸ್ಟ್ ಸಿಗದೆ ತಡಕಾಡಿದ ಆಟೋಫೋಕಸ್, ಮುಂದಿದ್ದ ಹುಲ್ಲಿನ ಎಸಳನ್ನು ಹಿಡಿದುಕೊಂಡಿತ್ತು. ಎಸಳಿನ ಮೇಲಿನ ಇಬ್ಬನಿ ಹನಿ ಎಷ್ಟು ಸ್ಪಷ್ಟ ಅಂದರೆ ನೋಡಿದರೆ ಸಂಕಟವಾಗುತ್ತದೆ. ಮುಖಪುಟಕ್ಕೆ ಯಾವುದೋ ಹಳೇ ಚಿತ್ರ ಹೋಯಿತು.

ಈಗ ಬೆಳಕು ಕಾಣುತ್ತಿದ್ದಂತೆ ಕ್ಯಾಮೆರಾ ಪರದೆಯ ಲೈವ್ ವ್ಯೂ ಹಿಗ್ಗಿಸಿ, ದೂರದ ಮರದ ಅಂಚಿಗೆ ಕೈಯಾರೆ ಫೋಕಸ್ ಮಾಡಿ, ಫೋಕಸ್ ರಿಂಗ್‌ಗೆ ಟೇಪ್ ಅಂಟಿಸುತ್ತೇನೆ. ಮಂಜು ಬೂದಿಯಾಗದಂತೆ ಎಕ್ಸ್‌ಪೋಷರ್ ಪ್ಲಸ್ ಒಂದರಿಂದ ಶುರು, ಆಮೇಲೆ ಹಿಸ್ಟೋಗ್ರಾಂ (ಚಿತ್ರದ ಬೆಳಕು-ಕತ್ತಲೆಯ ಹಂಚಿಕೆ ತೋರಿಸುವ ನಕ್ಷೆ) ನೋಡಿಕೊಂಡು ಬದಲಾವಣೆ. ಬಿಸಿಲು ತಾಗಿದ ಕೂಡಲೇ ಬ್ರಾಕೆಟಿಂಗ್, ಅಂದರೆ ಒಂದೇ ದೃಶ್ಯ ಬೇರೆ ಬೇರೆ ಎಕ್ಸ್‌ಪೋಷರ್‌ನಲ್ಲಿ; ಇಲ್ಲದಿದ್ದರೆ ಹೈಲೈಟ್, ಹೆಚ್ಚು ಬೆಳಗಿದ ಭಾಗ, ಬರೀ ಬಿಳಿಯಾಗಿ ಹಾರಿಹೋಗುತ್ತದೆ. ಸೂರ್ಯ ಹುಟ್ಟುವ ಮುಂಚಿನ ನೀಲಿ ಹೊತ್ತಿನಿಂದಲೇ ಎರಡು ನಿಮಿಷಕ್ಕೊಂದು ಫ್ರೇಮು, ಬ್ರೀಫ್ ಏನೇ ಇರಲಿ. ಪಕ್ಕದಲ್ಲಿರುವವರು "ಈಗ" ಅಂದರೆ ಬಟನ್ ಒತ್ತಿಬಿಡುತ್ತೇನೆ. ಆ ಹುಡುಗನಿಗೆ ಅವತ್ತು ಇಳಿಯುವಾಗಲೇ ಹೇಳಿದೆ, ನೀನು ಹೇಳಿದ್ದೇ ಸರಿ ಅಂತ.

ಕಾಲ್ ಶೀಟ್‌ನಲ್ಲಿ ಈಗಲೂ ಬರುವುದು ಒಂದೇ ಬೆಳಿಗ್ಗೆ. ಮೂರು ಕೇಳುತ್ತೇನೆ. ಎರಡು ಕೊಟ್ಟರೆ ಹೋಗುತ್ತೇನೆ. ಒಂದೇ ಅಂದರೆ ಆ ಕೆಲಸ ಒಪ್ಪಿಕೊಳ್ಳುವುದಿಲ್ಲ.