ಪುನಾದ ತಗಡು, ಮುಂಡರಗಿಯ ಟ್ಯಾಂಕು

ಹವಾಯಿ ದ್ವೀಪದ ಪೂರ್ವ ತುದಿಯಲ್ಲಿ ಪುನಾ ಎಂಬ ಸೀಮೆಯಿದೆ. (ನಮ್ಮ ರೈಲು ಹೋಗುವ ಪುಣೆಯಲ್ಲ.) ಕಿಲಾವೇಯಾ ಜ್ವಾಲಾಮುಖಿಯ ಇಳಿಜಾರು ಅದು, 2018ರಲ್ಲಿ ಹರಿದ ಲಾವಾ ಅಲ್ಲಿ 700ಕ್ಕೂ ಹೆಚ್ಚು ಕಟ್ಟಡಗಳನ್ನು ನುಂಗಿತು. ಪಕ್ಕದ ಹಿಲೊ ಊರಿಗೆ ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ. ಆದರೂ ಪುನಾದಲ್ಲಿ ಹರಿಯುವ ಹಳ್ಳ ಅಪರೂಪ, ಹೊಸ ಲಾವಾ ಕಲ್ಲು ಜರಡಿ ಇದ್ದಂತೆ. ನಲ್ಲಿಯ ಪೈಪು ಎಲ್ಲ ಬಡಾವಣೆಗೂ ಮುಟ್ಟಿಲ್ಲ. ಸಾವಿರಾರು ಮನೆಗಳು ತಗಡಿನ ಮೇಲೆ ಬಿದ್ದ ನೀರಿನಲ್ಲೇ ದಿನ ದೂಡುತ್ತವೆ.

ಗದಗ, ಮುಂಡರಗಿ ಕಡೆ ಬೋರಿನ ಫ್ಲೋರೈಡಿಗೆ ಅಂಜಿ ಮಳೆನೀರು ಹಿಡಿಯುವವರು ಪುನಾದ ಪದ್ಧತಿ ನೋಡಬೇಕು. ಟ್ಯಾಂಕಿನ ಲೆಕ್ಕವನ್ನು ಮಾತ್ರ ಅಲ್ಲಿಂದ ತರಬಾರದು. ಹಿಲೊದಲ್ಲಿ ತೀರ ಕಡಿಮೆ ಮಳೆಯ ತಿಂಗಳಲ್ಲೂ ಸರಾಸರಿ 150 ಮಿ.ಮೀ. ದಾಟುತ್ತದೆ, ಸಾಮಾನ್ಯವಾಗಿ ಟ್ಯಾಂಕು ಖಾಲಿಯಾಗುವ ಮೊದಲೇ ತುಂಬುತ್ತದೆ. ನಮ್ಮಲ್ಲಿ ಹಸ್ತಿ, ಚಿತ್ತಿ ಮಳೆ ಮುಗಿದರೆ ಮುಂದಿನ ನಂಬಿಗಸ್ತ ಮಳೆಗೆ ಆರು ತಿಂಗಳು ಕಾಯಬೇಕು. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 40 ಲೀಟರ್ ಹಿಡಿದರೆ 180 ದಿನಕ್ಕೆ 7,200. ಹಾಗಾಗಿ 8,000 ಲೀಟರಿಗಿಂತ ಚಿಕ್ಕದು ಬೇಡ. ಚಾವಣಿಯ ಚಿಂತೆಯಿಲ್ಲ: 100 ಚದರ ಮೀಟರ್ ಆರ್‌ಸಿಸಿ ಮೇಲೆ 600 ಮಿ.ಮೀ. ಬಿದ್ದರೆ, ಐದರಲ್ಲೊಂದು ಪಾಲು ಪೋಲಾದರೂ 48,000 ಲೀಟರ್ ಕೈಗೆ ಬರುತ್ತದೆ.

ಪುನಾದವರು ಟ್ಯಾಂಕನ್ನು ನೆಲದ ಮೇಲೆ ಇಡುತ್ತಾರೆ, ಲಾವಾ ಅಗೆಯುವುದು ಯಾರಿಗೂ ಬೇಡ. ನಮ್ಮ ಎರೆ ಹೊಲದ ಊರುಗಳಲ್ಲೂ ಟ್ಯಾಂಕು ಮೇಲೆಯೇ ಇರಲಿ, ಕಾರಣ ಬೇರೆ. ಎರೆ ಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುತ್ತದೆ. ನೆಲದೊಳಗಿನ ಸಿಮೆಂಟ್ ತೊಟ್ಟಿಯ ಗೋಡೆ ಎರಡು ಮೂರು ವರ್ಷದಲ್ಲಿ ಸೀಳಬಹುದು. ಟ್ಯಾಂಕು ಕೂರುವ ಕಟ್ಟೆಯ ಕೆಳಗೂ ಎರೆ ತೆಗೆದು ಗರಸು ತುಂಬಿ, ನೀರು ಹಾಕಿ ಧಮ್ಮಸ್ಸು ಮಾಡಬೇಕು.

ಹೆಚ್ಚಿನ ಕಡೆ ಕೆಡುವುದು ಮೊದಲ ನೀರಿನಲ್ಲಿ. ಒಕ್ಕಣೆಯ ಹೊಟ್ಟು, ಪಾರಿವಾಳದ ಹಿಕ್ಕೆ, ರಸ್ತೆಯ ಧೂಳು ಎಲ್ಲ ಆರು ತಿಂಗಳು ಮಾಳಿಗೆ ಮೇಲೆ ಕೂತಿರುತ್ತದೆ. ಅದನ್ನು ತೊಳೆಯಲು ಕನಿಷ್ಠ 1 ಮಿ.ಮೀ., ಬೇಸಿಗೆಯ ನಂತರ 2 ಮಿ.ಮೀ. ಮಳೆ ಹೊರಗೆ ಹೋಗಬೇಕು. 100 ಚದರ ಮೀಟರಿಗೆ ಅದು 100ರಿಂದ 200 ಲೀಟರ್. ಈ ಮೊದಲ ನೀರು ಹಿಡಿಯಲೆಂದು ಪ್ಲಂಬರುಗಳು ಹಚ್ಚುವ 110 ಮಿ.ಮೀ. ಪೈಪಿನ ಒಂದು ಮೀಟರ್ ತುಂಡಿನಲ್ಲಿ ಹಿಡಿಯುವುದು ಸುಮಾರು 9 ಲೀಟರ್! ಅದು ಬರೀ ಅಲಂಕಾರ. 200 ಲೀಟರ್ ಡ್ರಮ್ಮು ಇಡಿ, ತಳಕ್ಕೆ ಸಣ್ಣ ನಳ ಹಚ್ಚಿ ಪ್ರತಿ ಮಳೆಯ ನಂತರ ಖಾಲಿ ಮಾಡಿ. ನಳ ಬಿಡುವುದು ಮರೆತರೆ ಮುಂದಿನ ಮಳೆಯ ಹೊಲಸು ನೇರ ಟ್ಯಾಂಕಿಗೆ ಇಳಿಯುತ್ತದೆ.

ಜ್ವಾಲಾಮುಖಿಯ ಗಂಧಕದ ಹೊಗೆ ಹವಾಯಿಯ ಮಳೆಯನ್ನು ಹುಳಿಯಾಗಿಸುತ್ತದೆ. ಹುಳಿ ನೀರು ಹಳೆಯ ಚಾವಣಿಯ ಮೊಳೆ, ಬೆಸುಗೆ, ಬಣ್ಣದಲ್ಲಿನ ಸೀಸವನ್ನು ಕರಗಿಸಿ ತರುತ್ತದೆ. ನಮಗೆ ಆ ಹೊಗೆಯಿಲ್ಲ. ಆದರೂ ಶುದ್ಧ ಮಳೆನೀರೂ ತುಸು ಹುಳಿಯೇ, ಹಳೇ ಬಣ್ಣ ಬಳಿದ ತಗಡಿನ ನೀರು ಕುಡಿಯಲು ಬೇಡ.

ಟ್ಯಾಂಕಿನೊಳಗೆ ಬೆಳಕು ಬಿದ್ದರೆ ಪಾಚಿ ಕಟ್ಟುತ್ತದೆ, ಮುಚ್ಚಳ ಸಡಿಲಿದ್ದರೆ ಸೊಳ್ಳೆ. ಉಕ್ಕಿ ಹೋಗುವ ಪೈಪಿನ ಬಾಯಿಗೂ ಜಾಳಿಗೆ ಕಟ್ಟಿ. 1,000 ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ಕೆಳಗೆ ಕೂತ ಮೇಲೆ ತಿಳಿಯನ್ನಷ್ಟೇ ಸುರಿಯಬೇಕು. ಒಂದು ತಾಸು ಬಿಟ್ಟು ಬಳಸಬಹುದು. ಪೊಟ್ಟಣ ಒಡೆದಿಟ್ಟು ವರ್ಷವಾಗಿದ್ದರೆ ಅದರಲ್ಲಿ ಕಸುವು ಉಳಿದಿರುವುದಿಲ್ಲ, ಹೊಸದು ತನ್ನಿ.