ಎಂಟು ಜನ ಮಲಗೋ ಗಾಡಿ

“ಮಲಗೋದು ಸರಿ ರೀ, ಹೋಗ್ತಾ ಕೂತ್ಕೊಳ್ಳೋದು ಎಷ್ಟು ಜನ?”

ಡಲ್ಲಾಸ್ ಹೊರವಲಯದಲ್ಲಿ ಆರ್‌ವಿ, ಅಂದರೆ ಮನೆಯಂತೆ ವಾಸಿಸಬಹುದಾದ ಗಾಡಿ, ಮಾರುವ ಅಂಗಳವೊಂದರಲ್ಲಿ ಆಕೆ ಗಂಡನನ್ನು ಕೇಳಿದ ಮಾತಿದು. ಶನಿವಾರದಿಂದ ಕಿವಿಯಲ್ಲೇ ಕೂತಿದೆ. ಸೇಲ್ಸ್‌ನವನು ಅಷ್ಟು ಹೊತ್ತಿನಿಂದ ‘ಎಂಟು ಜನ ಆರಾಮಾಗಿ ಮಲಗಬಹುದು’ ಅಂತ ಒಂದೊಂದೇ ಹಾಸಿಗೆ ಬಿಚ್ಚಿ ತೋರಿಸುತ್ತಿದ್ದ. ಯಜಮಾನರು ತಲೆಯಾಡಿಸುತ್ತಿದ್ದರು. ತಾವಿಬ್ಬರು, ಮಗ, ಸೊಸೆ, ಮೂರು ಮೊಮ್ಮಕ್ಕಳು. ಏಳು ಜನ, ಒಂದು ಜಾಗ ಮಿಕ್ಕಿತಲ್ಲ ಅನ್ನುವ ಖುಷಿ ಮುಖದಲ್ಲಿ. ಹೆಂಡತಿಯ ಪ್ರಶ್ನೆಗೆ ಅವರ ಉತ್ತರ, “ಅದೆಲ್ಲ ಆಗುತ್ತೆ ಬಿಡೇ.”

ಆಗಲ್ಲ. ಅದು ಫೋರ್ಡ್ ಇ-450 ವ್ಯಾನಿನ ಚಾಸಿ ಮೇಲೆ ಕಟ್ಟಿದ ಕ್ಲಾಸ್ ಸಿ ಅನ್ನುವ ಬಗೆಯ ಮೋಟರ್‌ಹೋಮ್. ಸೀಟ್‌ಬೆಲ್ಟ್ ಇದ್ದದ್ದು ಆರು: ಮುಂದೆ ಎರಡು, ಊಟದ ಮೇಜಿನ ಆಚೀಚೆ ನಾಲ್ಕು. ಆ ನಾಲ್ಕರಲ್ಲಿ ಎರಡು ಹಿಂದಕ್ಕೆ ಮುಖ ಮಾಡಿವೆ. ಹಿಂದಕ್ಕೋ ಪಕ್ಕಕ್ಕೋ ತಿರುಗಿದ ಸೀಟಿಗೆ ಮಕ್ಕಳ ಕಾರ್‌ಸೀಟ್ ಕಟ್ಟುವ ಹಾಗಿಲ್ಲ. ಮುಂದಕ್ಕೆ ತಿರುಗಿದ ಎರಡಕ್ಕೂ ಕಾರ್‌ಸೀಟಿನ ಮೇಲ್ಪಟ್ಟಿ ಸಿಕ್ಕಿಸುವ ಕೊಂಡಿ ಇರಲಿಲ್ಲ. ಬೆಂಚಿನ ಹಲಗೆ ಎತ್ತಿ ನೋಡಿದರೆ ಒಳಗೆ ಬರೀ ಮರದ ಚೌಕಟ್ಟು, ಸ್ಟೇಪಲ್ ಹೊಡೆದದ್ದು. ಎರಡು, ಐದು, ಏಳು ವರ್ಷದ ಮಕ್ಕಳನ್ನು ಅಲ್ಲಿ ಕೂರಿಸಿ 60 ಮೈಲಿ ವೇಗದಲ್ಲಿ ಹೋಗುವುದನ್ನು ಯಾವ ಅಜ್ಜಿಯೂ ಒಪ್ಪಬಾರದು. ಈ ಅಜ್ಜಿ ಒಪ್ಪಲಿಲ್ಲ.

ಈ ಮನೆಯ ಕಥೆ ಗೊತ್ತಿದ್ದವರಿಗೆ ಯಜಮಾನರ ಆತುರ ಅರ್ಥವಾಗುತ್ತದೆ. ರಿಟೈರ್ ಆದ ವರ್ಷವೇ ಬೈಪಾಸ್. ಎದ್ದು ಓಡಾಡುವಷ್ಟರಲ್ಲಿ ಆಕೆಯ ಕಿಡ್ನಿ ಕೈಕೊಟ್ಟಿತು, ಈಗ ದಿನಾ ರಾತ್ರಿ ಮನೆಯಲ್ಲೇ ಪೆರಿಟೋನಿಯಲ್ ಡಯಾಲಿಸಿಸ್, ಹೊಟ್ಟೆಯೊಳಗೆ ದ್ರಾವಣ ಬಿಟ್ಟು ತೆಗೆದು ರಕ್ತ ಶುದ್ಧಿ ಮಾಡುವುದು. ‘ಗ್ರ್ಯಾಂಡ್ ಕ್ಯಾನ್ಯನ್‌ಗೆ ಒಂದ್ಸಲ ಹೊರಟುಬಿಟ್ಟರೆ ಸಾಕು’ ಅನ್ನುವ ಹಂತಕ್ಕೆ ಬಂದಿದ್ದಾರೆ. ಪಾಪ ಒಳ್ಳೆಯ ಮನುಷ್ಯ, ಆದರೆ ನಕ್ಷೆ ಹಿಡಿದು ಪ್ರವಾಸ ಶುರುಮಾಡುವ ಜಾತಿ. ಇಂಥ ಪ್ರವಾಸವನ್ನು ಯಂತ್ರದಿಂದ ಶುರುಮಾಡಬೇಕು, ಹಾಸಿಗೆ ಪಕ್ಕದಲ್ಲಿಟ್ಟು ರಾತ್ರಿಯಿಡೀ ದ್ರಾವಣ ಹಾಕಿ ತೆಗೆಯುವ ಆ ಡಯಾಲಿಸಿಸ್ ಸೈಕ್ಲರ್‌ನಿಂದ.

ಅದಕ್ಕೆ ರಾತ್ರಿಗೆ ಸುಮಾರು 12 ಲೀಟರ್ ದ್ರಾವಣ ಬೇಕು, ಅಂದರೆ 12 ಕೆಜಿ. ಹತ್ತು ರಾತ್ರಿಗೆ, ಡಬ್ಬ ಟ್ಯೂಬುಗಳನ್ನೂ ಸೇರಿಸಿ, 290 ಪೌಂಡ್ ಹತ್ತಿರ. ಪ್ರತಿ ಮೋಟರ್‌ಹೋಮ್‌ನಲ್ಲೂ ಜನ ಮತ್ತು ಸಾಮಾನು ಸೇರಿ ಎಷ್ಟು ಹೊರಬಹುದು ಅನ್ನುವ ಚೀಟಿ ಅಂಟಿಸಿರುತ್ತಾರೆ. ಈ ಗಾಡಿಯದು 1,500 ಪೌಂಡ್. ನಾಲ್ಕು ದೊಡ್ಡವರು 640, ಮಕ್ಕಳು 120. 40 ಗ್ಯಾಲನ್ ಟ್ಯಾಂಕ್ ತುಂಬಿಸಿದರೆ, ಗ್ಯಾಲನ್‌ಗೆ 8.3ರಂತೆ, ನೀರೇ 332. ಡಯಾಲಿಸಿಸ್ ಸಾಮಾನೂ ಸೇರಿದರೆ 1,382. ಬಟ್ಟೆ, ಕುಕ್ಕರ್, ಅಕ್ಕಿ ಮೂಟೆ, ಮಕ್ಕಳ ಸೈಕಲ್ ಎಲ್ಲಕ್ಕೂ ಉಳಿದದ್ದು 118 ಪೌಂಡ್. ಮಿತಿ ಮೀರಿದರೆ ಹಿಂದಿನ ಟೈರಿಗೆ ಶಾಖ ಏರುತ್ತದೆ, ಬೇಸಿಗೆಯ ಹೈವೇಯಲ್ಲಿ ಅದು ಸಿಡಿಯಬಹುದು. ಸೇಲ್ಸ್‌ನವನು ಆ ಚೀಟಿಯತ್ತ ಕೈ ಕೂಡ ತೋರಿಸಲಿಲ್ಲ.

ದಾರಿಯಲ್ಲಿ ಟ್ಯಾಂಕ್ ಕಾಲು ಭಾಗವಿದ್ದರೆ ಸಾಕು, ತಂಗುವ ಜಾಗದಲ್ಲಿ ತುಂಬಿಸಿಕೊಳ್ಳಬಹುದು. ದ್ರಾವಣದ ಅರ್ಧದಷ್ಟನ್ನು ಕಂಪನಿಯವರೇ ಮುಂದಿನ ಊರಿಗೆ ಕಳಿಸಿಕೊಡುತ್ತಾರೆ, ಆದರೆ ವಾರಗಳ ಮುಂಚೆ ಹೇಳಬೇಕು. ಕ್ಯಾಂಪ್‌ಗ್ರೌಂಡ್ ಆಫೀಸಿನವರು ಪಾರ್ಸೆಲ್ ತೆಗೆದುಕೊಳ್ಳುತ್ತಾರಾ ಅಂತ ಫೋನ್ ಮಾಡಿ ಕೇಳಿಯೇ ವಿಳಾಸ ಕೊಡಬೇಕು. ತುಂಬಿಸಿ ಹೊರಟ ಮೇಲೆ ಟ್ರಕ್ ಸ್ಟಾಪ್‌ನಲ್ಲಿ ಗಾಡಿ ತೂಗುವ ಕ್ಯಾಟ್ ಸ್ಕೇಲ್ ಮೇಲೆ ಒಮ್ಮೆ ತೂಗಿಸಿದರೆ ಅನುಮಾನ ತೀರುತ್ತದೆ.

ಇನ್ನು ಕರೆಂಟು. ಸೈಕ್ಲರ್ ಎಂಟು ಹತ್ತು ಗಂಟೆ ಓಡಬೇಕು. ರಾತ್ರಿ ಜನರೇಟರ್ ಹಾಕಲು ನ್ಯಾಷನಲ್ ಪಾರ್ಕ್ ಕ್ಯಾಂಪ್‌ಗಳಲ್ಲಿ ಬಿಡುವುದಿಲ್ಲ. ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯ ದಕ್ಷಿಣದ ಅಂಚಾದ ಸೌತ್ ರಿಮ್‌ನಲ್ಲಿ ಯಜಮಾನರು ಗುರುತು ಹಾಕಿಕೊಂಡಿದ್ದ ಮೇದರ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಗಾಡಿಗೆ ಕರೆಂಟು, ನೀರು ಜೋಡಿಸುವ ಹುಕಪ್ಪೇ ಇಲ್ಲ. ಪಕ್ಕದ ಟ್ರೇಲರ್ ವಿಲೇಜ್‌ನಲ್ಲಿ ಕರೆಂಟು, ನೀರು, ಒಳಚರಂಡಿ ಮೂರೂ ಇವೆ, ಆದರೆ ತಿಂಗಳುಗಳ ಮುಂಚೆ ಕಾದಿರಿಸಬೇಕು. ಹುಕಪ್ ಇದ್ದಲ್ಲೂ ಒಂದು ತೊಡಕಿದೆ. ಬೇಸಿಗೆ ಸಂಜೆ ಎಲ್ಲರೂ ಏಸಿ ಹಾಕಿದಾಗ ಹಳೆ ಪಾರ್ಕುಗಳಲ್ಲಿ ವೋಲ್ಟೇಜ್ ಇಳಿಯುತ್ತದೆ. ಇಎಂಎಸ್ ಅನ್ನುವ ರಕ್ಷಣಾ ಪೆಟ್ಟಿಗೆ 104 ವೋಲ್ಟ್‌ಗಿಂತ ಕೆಳಗೆ ಹೋದರೆ ಕರೆಂಟನ್ನೇ ಕಡಿಯುತ್ತದೆ. ಗಾಡಿಗೆ ಅದು ಒಳ್ಳೆಯದು, ಅರ್ಧರಾತ್ರಿ ಸೈಕ್ಲರ್‌ಗೆ ಅಲ್ಲ. ಅದಕ್ಕೇ ಯಂತ್ರವಿಲ್ಲದೆ ಕೈಯಲ್ಲೇ ಡಯಾಲಿಸಿಸ್ ಮಾಡಿಕೊಳ್ಳುವ ಎರಡು ಲೀಟರ್ ದ್ರಾವಣದ ಚೀಲಗಳು ಒಂದು ದಿನಕ್ಕಾಗುವಷ್ಟು ಜೊತೆಗಿರಲೇಬೇಕು.

ಟ್ಯೂಬು ಜೋಡಿಸುವ ಹೊತ್ತಿಗೆ ಛಾವಣಿಯ ಏಸಿ, ಫ್ಯಾನು ಆರಿಸಿ, ಕಿಟಕಿ ಮುಚ್ಚಿ, ಮಾಸ್ಕ್ ಹಾಕಿ, ಕೈ ತೊಳೆಯಬೇಕು. ಮೋಟರ್‌ಹೋಮ್‌ನಲ್ಲಿ ಏಸಿ ಗಾಳಿ ನೇರ ಹಾಸಿಗೆ ಮೇಲೇ ಬೀಳುತ್ತದೆ. ಧೂಳು ತಗುಲಿದರೆ ಹೊಟ್ಟೆಯೊಳಗೆ ಸೋಂಕು. ಹೊಟ್ಟೆಯಿಂದ ಹೊರಬರುವ ದ್ರಾವಣದ ನೀರು ಮಬ್ಬಾಗಿ ಕಂಡರೆ ತಡಮಾಡದೆ ಆಸ್ಪತ್ರೆ. ಆ ನೀರಿನ ಕೊಳವೆಯನ್ನು ಶೌಚಾಲಯಕ್ಕೇ ಬಿಡಬೇಕು, ಅಂದರೆ ಮಲಮೂತ್ರ ಸೇರುವ ಬ್ಲ್ಯಾಕ್ ಟ್ಯಾಂಕಿಗೆ. ರಾತ್ರಿಗೆ ಮೂರು ಗ್ಯಾಲನ್ ಮೇಲೆ ಸೇರುವುದರಿಂದ ಟ್ಯಾಂಕ್ ಬೇಗ ತುಂಬುತ್ತದೆ. ಹಾಗಂತ ಅದರ ವಾಲ್ವ್ ತೆರೆದೇ ಇಡಬಾರದು: ನೀರು ಹರಿದುಹೋಗಿ ಗಟ್ಟಿ ಭಾಗ ಒಳಗೇ ಗುಡ್ಡೆಯಾಗುತ್ತದೆ. ಮುಕ್ಕಾಲು ತುಂಬಿದಾಗ ಬ್ಲ್ಯಾಕ್ ಬಿಡಿ, ಹಿಂದೆಯೇ ಸ್ನಾನ, ಪಾತ್ರೆ ತೊಳೆದ ನೀರಿನ ಗ್ರೇ ಟ್ಯಾಂಕ್ ಬಿಟ್ಟರೆ ಪೈಪು ತೊಳೆದಂತಾಗುತ್ತದೆ.

ಡಲ್ಲಾಸ್‌ನಿಂದ ದಾರಿಯಲ್ಲಿ ಸಿಗುವ ಅಮರಿಲ್ಲೋಗೇ 360 ಮೈಲಿ. ಬೆಳಿಗ್ಗೆ ಯಂತ್ರ ಬಿಚ್ಚಿ ಹೊರಡುವಾಗ ಒಂಬತ್ತು ದಾಟಿರುತ್ತದೆ, ಟೆಕ್ಸಸ್‌ನ ಉತ್ತರ ತುದಿಯ ಪ್ಯಾನ್‌ಹ್ಯಾಂಡಲ್‌ನ ಅಡ್ಡಗಾಳಿ ಎತ್ತರದ ಗಾಡಿಯನ್ನು ಪಕ್ಕಕ್ಕೆ ತಳ್ಳುತ್ತಿರುತ್ತದೆ. ನಡುವಿನ ವಿಚಿಟಾ ಫಾಲ್ಸ್ ಊರಿನಲ್ಲಿ ಒಂದು ರಾತ್ರಿ ನಿಲ್ಲುವುದೇ ಜಾಣತನ. ಸೌತ್ ರಿಮ್ ಸುಮಾರು 7,000 ಅಡಿ ಎತ್ತರ; ಬೈಪಾಸ್ ಆದವರು ಹೃದಯದ ಡಾಕ್ಟರನ್ನು ಕೇಳಿಯೇ ಹೋಗಬೇಕು. ಹಿರಿಯರ ಆರೋಗ್ಯ ವಿಮೆಯಾದ ಮೆಡಿಕೇರ್ ಅಡ್ವಾಂಟೇಜ್‌ನ, ಗೊತ್ತುಮಾಡಿದ ಡಾಕ್ಟರ್‌ಗಳ ಬಳಿಯೇ ಹೋಗಬೇಕಾದ ಎಚ್‌ಎಂಒ ಪ್ಲಾನ್‌ಗಳಲ್ಲಿ ತುರ್ತು ಚಿಕಿತ್ಸೆ ಎಲ್ಲಾದರೂ ನಡೆಯುತ್ತದೆ, ಮಾಮೂಲಿ ಡಾಕ್ಟರ್ ಭೇಟಿ ಮಾತ್ರ ಸಾಮಾನ್ಯವಾಗಿ ಊರಿನ ನೆಟ್‌ವರ್ಕ್‌ಗೇ ಕಟ್ಟುಬಿದ್ದಿರುತ್ತದೆ. ದಾರಿಯಲ್ಲಿ ಗೊತ್ತಾಗುವುದಕ್ಕಿಂತ ಮನೆಯಲ್ಲಿ ಕೇಳಿಕೊಳ್ಳುವುದು ವಾಸಿ.

ಮಗನಿಗೆ ಫೋನ್ ಮಾಡಿದ್ದೂ ಆಕೆಯೇ. ಮಕ್ಕಳು ತಮ್ಮ ಮಿನಿವ್ಯಾನ್‌ನಲ್ಲಿ, ತಮ್ಮ ತಮ್ಮ ಕಾರ್‌ಸೀಟ್‌ನಲ್ಲಿ ಹಿಂದೆ ಬರಲಿ; ರಾತ್ರಿ ಎಲ್ಲರೂ ಒಂದೇ ಗಾಡಿಯಲ್ಲಿ ಮಲಗಲಿ ಅಂತ. ಮೋಟರ್‌ಹೋಮ್‌ನಲ್ಲಿ ಇಬ್ಬರೇ ಹೋದರೆ ಆ 1,500 ಪೌಂಡಿನ ತಲೆನೋವೂ ಅರ್ಧ ಇಳಿಯಿತು. “ಎಲ್ಲ ಒಟ್ಟಿಗೇ ಹಾಡ್ಕೊಂಡು ಹೋಗೋದಕ್ಕೆ ತಾನೇ ಇದು” ಅಂತ ಯಜಮಾನರು ಗೊಣಗಿದರು. ಬಿಳಿ ಗಡ್ಡದ ಹುಡುಗಾಟ. ಅವರ ಆಸೆ ತಪ್ಪು ಅಂತ ಅನ್ನಿಸಲಿಲ್ಲ, ಆದರೆ ಲೆಕ್ಕ ಆಕೆಯ ಕಡೆಗಿತ್ತು.

ಸದ್ಯಕ್ಕೆ ಏನನ್ನೂ ಕೊಳ್ಳುತ್ತಿಲ್ಲ. ಅದೇ ಅಳತೆಯದೊಂದು ಗಾಡಿಯನ್ನು ಬಾಡಿಗೆಗೆ ಹಿಡಿದು, ಮನೆಯಿಂದ ದೂರವಿಲ್ಲದ ರೇ ರಾಬರ್ಟ್ಸ್ ಲೇಕ್ ಸ್ಟೇಟ್ ಪಾರ್ಕ್‌ನಲ್ಲಿ, ಕರೆಂಟು ಇರುವ ಸೈಟಿನಲ್ಲಿ ಎರಡು ರಾತ್ರಿ. ಸೈಕ್ಲರ್ ಇಡುವ ಎತ್ತರ ಹಾಸಿಗೆಗೆ ಹೊಂದುತ್ತದಾ, ಕೊಳವೆ ಶೌಚಾಲಯದವರೆಗೆ ಮುಟ್ಟುತ್ತದಾ, ಎರಡು ವರ್ಷದ ಮಗು ರಾತ್ರಿ ಎದ್ದು ಬಂದು ಆ ಕೊಳವೆ ಎಳೆಯದ ಹಾಗೆ ಮಲಗುವ ಕೋಣೆಯ ಬಾಗಿಲು ಭದ್ರವಾಗಿ ಹಾಕಿಕೊಳ್ಳುತ್ತದಾ, ಇಷ್ಟನ್ನು ಮೊದಲು ನೋಡಬೇಕು. ಒಗ್ಗರಣೆ ಮಾತ್ರ ಹೊರಗೆ, ಒಲೆ ಇಟ್ಟುಕೊಂಡು. ಒಳಗೆ ಸಾಸಿವೆ ಸಿಡಿದರೆ ಹೊಗೆ ಅಲಾರಂ ಇಡೀ ಪಾರ್ಕನ್ನೇ ಎಬ್ಬಿಸುತ್ತದೆ.