ಸಪ್ತಾಪುರದ ಅಂಗಡಿಯಲ್ಲಿ ಡಿಎನ್ಎಸ್ ಸರಿಪಡಿಸಿದ್ದು

ಧಾರವಾಡದ ಸಪ್ತಾಪುರದಲ್ಲಿ ನನ್ನ ಸೋದರಳಿಯ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ ನಡೆಸುತ್ತಾನೆ. ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿಗೆಂದು ಬಂದ ಹುಡುಗ ಹುಡುಗಿಯರೇ ಅವನ ಗಿರಾಕಿಗಳಾದ್ದರಿಂದ, ನೇಮಕಾತಿಯ ಅಧಿಸೂಚನೆ ಹೊರಬಿದ್ದ ದಿನಗಳಲ್ಲಿ ಅಲ್ಲಿ ಒಂದು ಕುರ್ಚಿಯೂ ಖಾಲಿ ಇರುವುದಿಲ್ಲ. ಅಂಥ ಗದ್ದಲದ ನಡುವೆಯೇ ಒಮ್ಮೆ ಫೋನ್ ಮಾಡಿ, “ಮಾಮಾ, ಲೈನ್ ಛಲೋ ಐತಿ ಅಂತ ಕಂಪನಿಯವ್ರು ಹೇಳ್ತಾರ, ಪೇಜ್ ಮಾತ್ರ ಲಗೂ ಓಪನ್ ಆಗವಲ್ದು” ಎಂದ.

ಹೋಗಿ ನೋಡಿದಾಗ ಕಂಪನಿಯವರ ಮಾತು ಅರ್ಧ ನಿಜವೇ ಆಗಿತ್ತು. ವಿಳಾಸ ಒತ್ತಿದ ಮೇಲೆ ಪರದೆ ಕೆಲಕಾಲ ಬಿಳಿಯಾಗಿಯೇ ಇರುತ್ತಿತ್ತು. ಒಮ್ಮೆ ಪುಟ ಬರತೊಡಗಿತೆಂದರೆ ಚಿತ್ರಗಳೂ ಸೇರಿ ಸರಸರನೆ ಬಂದುಬಿಡುತ್ತಿತ್ತು. ಲೈನೇ ನಿಧಾನವಾಗಿದ್ದರೆ ಪುಟ ತುಂಬುವುದೂ ನಿಧಾನವಾಗಬೇಕಿತ್ತು. ಗೂಗಲ್‌ನ 8.8.8.8 ಎಂಬ ಸಂಖ್ಯೆಗೆ ಪಿಂಗ್ ಮಾಡಿದೆ, ಅಂದರೆ ಆ ಕಡೆಯಿಂದ ಉತ್ತರ ಎಷ್ಟು ಬೇಗ ಬರುತ್ತದೆಂದು ನೋಡುವ ಆಜ್ಞೆ ಕೊಟ್ಟೆ, ಉತ್ತರ ತಡವಿಲ್ಲದೆ ಬಂತು. ಜಾಲತಾಣವೊಂದರ ಹೆಸರು ಕೊಟ್ಟು ಪಿಂಗ್ ಮಾಡಿದಾಗ ಮೊದಲ ಸಾಲು ಮೂಡುವುದಕ್ಕೇ ಕಾಯಬೇಕಾಯಿತು. ಅದೇ ಹೆಸರನ್ನು ಮತ್ತೆ ಕೊಟ್ಟಾಗ ಆ ತಡ ಇರಲಿಲ್ಲ. ಹೆಸರಿಗೆ ತಕ್ಕ ಐಪಿ ಸಂಖ್ಯೆಯನ್ನು, ಅಂದರೆ ಜಾಲದಲ್ಲಿನ ಅದರ ವಿಳಾಸವನ್ನು, ಹುಡುಕಿಕೊಡುವ ಕಂಪನಿಯ ಡಿಎನ್ಎಸ್ ಸರ್ವರ್ ಬಳಲುತ್ತಿದೆ, ಎರಡನೆಯ ಸಲ ಉತ್ತರ ಬಂದದ್ದು ಹಿಂದಿನ ಉತ್ತರಗಳನ್ನು ಕೆಲಕಾಲ ಕೂಡಿಟ್ಟುಕೊಳ್ಳುವ ಕಂಪ್ಯೂಟರಿನ ಸ್ವಂತ ಕ್ಯಾಶ್‌ನಿಂದ ಎಂಬುದು ಇದರಿಂದ ಸ್ಪಷ್ಟವಾಯಿತು.

ಅಳಿಯ ಆಗಲೇ ಎಲ್ಲಿಂದಲೋ ವಿಂಡೋಸ್‌ನ ಒಳಗಿನ ಸೆಟ್ಟಿಂಗ್‌ಗಳನ್ನು ಬದಲಿಸುವ ಒಂದು ರಿಜಿಸ್ಟ್ರಿ ಫೈಲು ತಂದಿಟ್ಟುಕೊಂಡಿದ್ದ. ವಿಂಡೋಸ್ ಎಕ್ಸ್‌ಪಿಯ ಕಾಲದಿಂದ ಕೈಯಿಂದ ಕೈಗೆ ದಾಟುತ್ತಿರುವ, ಕ್ಯಾಶ್‌ನ ಗಾತ್ರವನ್ನೂ ಅವಧಿಯನ್ನೂ ಹಿಗ್ಗಿಸಿದರೆ ಇಂಟರ್ನೆಟ್ ಓಡುತ್ತದೆ ಎಂಬ ಉಪಾಯ ಅದು. ಅದನ್ನು ಹಾಕಬೇಡವೆಂದೆ. ವಿಂಡೋಸ್ ಒಂದು ಉತ್ತರವನ್ನು ಹೆಚ್ಚೆಂದರೆ 86,400 ಸೆಕೆಂಡು, ಅಂದರೆ ಒಂದು ದಿನ ಇಟ್ಟುಕೊಳ್ಳುತ್ತದೆ. ಆದರೆ ಇದು ಗರಿಷ್ಠ ಮಿತಿ ಮಾತ್ರ. ಉತ್ತರ ಎಷ್ಟು ಹೊತ್ತು ಚಲಾವಣೆಯಲ್ಲಿರಬೇಕೆಂಬುದನ್ನು ಟಿಟಿಎಲ್ ಎಂಬ ಅಂಕಿಯ ಮೂಲಕ ತೀರ್ಮಾನಿಸುವವರು ಆ ಹೆಸರಿನ ಒಡೆಯರು. ಅವರು ಐದು ನಿಮಿಷವೆಂದು ಗೊತ್ತುಮಾಡಿದ್ದರೆ ನಮ್ಮ ಮಿತಿಯನ್ನು ಹತ್ತು ದಿನಕ್ಕೆ ಏರಿಸಿದರೂ ಐದೇ ನಿಮಿಷ. ಇನ್ನು ಹಟದಿಂದ ಹಳೆಯ ಉತ್ತರವನ್ನೇ ಉಳಿಸಿಕೊಂಡೆವೆನ್ನಿ, ಹೊಲ ಬೇರೆಯವರಿಗೆ ಮಾರಾಟವಾದ ಮೇಲೂ ಹಳೆಯ ಪಹಣಿ ಹಿಡಿದು ಬ್ಯಾಂಕಿಗೆ ಹೋದಂತೆ ಆಗುತ್ತದೆ.

ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗ ಚುರುಕಿನವನು. “ಹಂಗಾದ್ರ ಸರ, ದಿನಾ ಬೇಕಾಗೋ ನಂಬರ್ ಎಲ್ಲಾ ಹೋಸ್ಟ್ಸ್ ಫೈಲಿನ್ಯಾಗ ಬರದು ಇಟ್ಟಬಿಡೂಣೇನ್ರಿ?” ಎಂದು ಕೇಳಿದ. ತಾಣದ ಹೆಸರನ್ನೂ ಅದರ ಸಂಖ್ಯೆಯನ್ನೂ ಕೈಯಾರೆ ಬರೆದಿಡುವ ಕಂಪ್ಯೂಟರಿನ ಕಡತ ಅದು. ಇಂಟರ್ನೆಟ್ ಆರಂಭದಲ್ಲಿ ನಡೆಯುತ್ತಿದ್ದುದೇ ಹಾಗೆ: ಎಲ್ಲ ಯಂತ್ರಗಳ ಹೆಸರುಗಳೂ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿದ್ದ ಒಂದೇ ಕಡತದಲ್ಲಿದ್ದವು, ಉಳಿದವರು ಅದನ್ನು ನಕಲು ಮಾಡಿಕೊಳ್ಳುತ್ತಿದ್ದರು. ಯಂತ್ರಗಳು ಹೆಚ್ಚಿದಂತೆ ಅದು ನಿಭಾಯಿಸಲಾಗದೆ, 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಡಿಎನ್ಎಸ್ ವ್ಯವಸ್ಥೆಯನ್ನು ರೂಪಿಸಿದರು. ಇಂದಿನ ದೊಡ್ಡ ತಾಣಗಳ ಸಂಖ್ಯೆಗಳಂತೂ ಆಗಾಗ ಬದಲಾಗುತ್ತವೆ. ಅರ್ಜಿಯ ಕಡೆಯ ದಿನವೇ ಹಾಗಾದರೆ ಗಿರಾಕಿಗೆ ಉತ್ತರ ಹೇಳುವವರು ಯಾರು?

ಕೊನೆಗೆ ಮಾಡಿದ ಬದಲಾವಣೆ ಚಿಕ್ಕದು. ಪ್ರತಿ ಕಂಪ್ಯೂಟರನ್ನೂ ಮುಟ್ಟದೆ ರೌಟರಿನಲ್ಲಿಯೇ ಕಂಪನಿಯ ಸರ್ವರಿನ ಬದಲು 2018ರಲ್ಲಿ ಆರಂಭವಾದ ಕ್ಲೌಡ್‌ಫ್ಲೇರ್ ಸಂಸ್ಥೆಯ ಸಾರ್ವಜನಿಕ ಡಿಎನ್ಎಸ್ ಸರ್ವರ್ 1.1.1.1 ಅನ್ನು ಮೊದಲನೆಯದಾಗಿ, 2009ರಿಂದ ಇರುವ ಗೂಗಲ್‌ನ 8.8.8.8 ಅನ್ನು ಎರಡನೆಯದಾಗಿ ಬರೆದೆ. ಆ ರೌಟರಿಗೆ ತನ್ನದೇ ಡಿಎನ್ಎಸ್ ಕ್ಯಾಶ್ ಇಟ್ಟುಕೊಳ್ಳುವ ಸೌಲಭ್ಯವಿತ್ತು, ಅದನ್ನೂ ಚಾಲೂ ಮಾಡಿದೆ. ನನ್ನ ಅಭಿಪ್ರಾಯದಲ್ಲಿ ಇಂಥ ಅಂಗಡಿಗೆ ನಿಜವಾಗಿ ಒದಗುವುದು ಇದೇ, ಏಕೆಂದರೆ ಎಲ್ಲರೂ ತೆರೆಯುವುದು ಅವೇ ನಾಲ್ಕಾರು ತಾಣಗಳನ್ನು. ಮೊದಲ ಕುರ್ಚಿಯವನಿಗಾಗಿ ತಂದ ಉತ್ತರ ಅವಧಿ ಮುಗಿಯುವವರೆಗೆ ಉಳಿದವರಿಗೂ ಸಿಗುತ್ತದೆ. ಬಳಿಕ ಎಲ್ಲ ಕಂಪ್ಯೂಟರುಗಳಲ್ಲೂ ‘ಐಪಿಕಾನ್ಫಿಗ್ /ಫ್ಲಶ್‌ಡಿಎನ್ಎಸ್’ ಆಜ್ಞೆ ಕೊಟ್ಟು ಹಳೆಯ ಉತ್ತರಗಳನ್ನು ಅಳಿಸಿದೆವು. ಪುಟಗಳು ಒತ್ತಿದೊಡನೆ ಬರತೊಡಗಿದವು.

ಆದರೆ ಶುಲ್ಕ ಕಟ್ಟುವ ಪುಟ ಮಾತ್ರ ಸಂಜೆಯ ಹೊತ್ತಿಗೆ ಮೊದಲಿನಂತೆಯೇ ತಿರುಗುತ್ತ ನಿಂತಿತು. ಅಲ್ಲಿ ಹೆಸರು ತಕ್ಷಣ ಸಿಗುತ್ತಿತ್ತು. ನಾಡಿನ ಅಭ್ಯರ್ಥಿಗಳೆಲ್ಲ ಒಟ್ಟಿಗೆ ಮುತ್ತಿದ್ದರಿಂದ ಆ ಕಡೆಯ ಸರ್ವರೇ ಉಸಿರುಗಟ್ಟಿತ್ತು. ಅದಕ್ಕೆ ನಮ್ಮ ರೌಟರಿನಲ್ಲಿ ಮದ್ದಿಲ್ಲವೆಂದು ಹೇಳಿದ ಮೇಲೆ ಅಳಿಯ, ಶುಲ್ಕ ಕಟ್ಟುವವರು ಬೆಳಗ್ಗೆ ಎಂಟರೊಳಗೆ ಬರಬೇಕೆಂದು ಹಾಳೆಯೊಂದರಲ್ಲಿ ಬರೆದು ಬಾಗಿಲಿಗೆ ಅಂಟಿಸಿದ.